ಪುಟ್ಟಸಿದ್ದಮ್ಮನ ಸೂಜಿ ಚೀಟಿ

ಗಾವಡಗೆರೆ ಹೋಬಳಿಯ ಸೀಗೆಕೊಪ್ಪಲಿನಲ್ಲಿ ಪುಟ್ಟಸಿದ್ದಮ್ಮ ಎಂಬುವಳು ಪುಟ್ಟಸಿದ್ದಮ್ಮನೇ ಹೌದೆ ಎಂದು ಮೂವತ್ತೆಂಟು ವರ್ಷ ಯಾರೂ ಕೇಳಿರಲಿಲ್ಲ. ಹುಟ್ಟಿದಳು, ಹನ್ನೊಂದಕ್ಕೆ ಮದುವೆಯಾದಳು, ನಾಲ್ಕು ಹೆತ್ತಳು, ಎರಡನ್ನು ಉಳಿಸಿಕೊಂಡಳು, ದಾಸಯ್ಯನೆಂಬ ಗಂಡನನ್ನೂ ಜೊತೆಗೆ ಸಾಕಿಕೊಂಡು ಬಂದಳು. ಇಷ್ಟು ಕೆಲಸವನ್ನೂ ಒಂದು ಮೊಹರಿನ ನೆರವಿಲ್ಲದೆ ನಡೆಸಿದ್ದಳು. ಕೊಟ್ಟಿಗೆಯ ಎಮ್ಮೆ ಅವಳ ಕೈ ತಾಗಿದರೆ ಮಾತ್ರ ಸೊರೆ ಬಿಡುತ್ತಿತ್ತು. ಅದಕ್ಕೂ ಯಾವತ್ತೂ ಅನುಮಾನ ಬಂದಿರಲಿಲ್ಲ. ಅನುಮಾನ ಬಂದದ್ದು ಸರ್ಕಾರಕ್ಕೆ. ಅದೂ ಇಲಿ ಸತ್ತ ಮೇಲೆ.

ಮಹಾರಾಜರ ಸೀಮೆಗೆ ಪ್ಲೇಗು ಕಾಲಿಟ್ಟು ಆಗಲೇ ಹತ್ತು ಹನ್ನೆರಡು ವರ್ಷವಾಗಿತ್ತು. ಬಂದ ನೆಂಟ ಹೋಗಲೊಲ್ಲದೆ ವರ್ಷಕ್ಕೊಂದು ಸಲ ಸುಗ್ಗಿಯ ಹೊತ್ತಿಗೆ ಸರಿಯಾಗಿ ಹಾಜರಾಗುವ ಹಾಗೆ ಅದೂ ಹಾಜರಾಗುತ್ತಿತ್ತು. ಆ ವರ್ಷ ಪಟೇಲರ ಅಟ್ಟದಿಂದ ಮೊದಲ ಇಲಿ ದೊಪ್ಪೆಂದು ಬಿತ್ತು. ಪಟೇಲರ ಮನೆಯ ಇಲಿಯಾದ್ದರಿಂದ ಎರಡು ದಿನ ಯಾರೂ ಅದನ್ನು ಪ್ಲೇಗಿನ ಇಲಿ ಎನ್ನುವ ಧೈರ್ಯ ಮಾಡಲಿಲ್ಲ. ಮೂರನೆಯ ದಿನ ಬಡವರ ಮನೆಯಲ್ಲೂ ಬಿದ್ದವು. ಆಗ ಪ್ಲೇಗು ಅಧಿಕೃತವಾಯಿತು. ಊರಿಗೆ ಊರೇ ಪಾತ್ರೆ, ಒನಕೆ, ಕೋಳಿಗಳನ್ನು ಹೊತ್ತು ಹೊಲಗಳಿಗೆ ಹೋಗಿ ರಾಗಿ ಹುಲ್ಲಿನ ಗುಡಿಸಲು ಹಾಕಿಕೊಂಡು ಕೂತಿತು.

ಪುಟ್ಟಸಿದ್ದಮ್ಮನಿಗೆ ಗುಡಿಸಲಿನ ಚಿಂತೆ ಇರಲಿಲ್ಲ. ಅವಳ ಚಿಂತೆಯೆಲ್ಲ ಪಿರಿಯಾಪಟ್ಟಣದಾಚೆ, ಕೊಡಗಿನ ಗಡಿಯ ಹತ್ತಿರ ಮರಳುಕಟ್ಟೆ ಎಂಬ ಊರಿನಲ್ಲಿತ್ತು. ಮಗಳು ಚಿಕ್ಕಬೀರಮ್ಮನನ್ನು ಅಲ್ಲಿಗೆ ಕೊಟ್ಟಿದ್ದರು. ಹುಡುಗಿಗೆ ಹದಿನೇಳು, ತುಂಬಿದ ಒಂಬತ್ತು ತಿಂಗಳು, ಚೊಚ್ಚಲು. ಅತ್ತೆ ಹಿಂದಿನ ವರ್ಷವೇ ಸತ್ತಿದ್ದಳು. ಗಂಡ ಚಿಕ್ಕಮಾದಯ್ಯ ಮರದ ದಿಮ್ಮಿ ಸಾಗಿಸುವ ಗಾಡಿಯವನು. ವಾರದಲ್ಲಿ ಐದು ದಿನ ರಸ್ತೆಯ ಮೇಲಿರುತ್ತಿದ್ದ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಸರಿ. ಆದರೆ ತವರೆಂದರೆ ಈಗ ನಾಲ್ಕು ಗಳ, ಎರಡು ಹೊರೆ ಹುಲ್ಲು, ಮಗ್ಗುಲಲ್ಲಿ ಇಲಿಯ ಭಯ. ಅಂಥ ತವರಿಗೆ ಬಸುರಿಯನ್ನು ಕರೆತರುವುದುಂಟೆ?

ಈ ನಡುವೆ ಒಂದು ಮಧ್ಯಾಹ್ನ ಆ ಕಡೆಯ ಹೊಗೆಸೊಪ್ಪಿನ ಗಾಡಿಯವನೊಬ್ಬ ಸುದ್ದಿ ತಂದ. ತಂದವನು ಪ್ಲೇಗಿನವರ ಹತ್ತಿರ ಸುಳಿಯಲೊಲ್ಲ. ರಸ್ತೆಯ ಮೇಲೆ ಗಾಡಿ ನಿಲ್ಲಿಸಿಕೊಂಡು, ಬಾಯಿಗೆ ಎರಡು ಕೈ ಹಿಡಿದು, ಮೂರು ಹೊಲದಾಚೆಯಿಂದ ಅರಚಿದ:

"ದಾಸಯ್ನೋರಾ! ನಿಮ್ ಮಗಳ ಕಾಲು ಊದ್ಕಂಡವೆ ಕಣ್ರೋ! ಮೊಕಾನೂ ಊದದೆ! ಅವ್ವನ್ನ ಕಳ್ಸಿ ಅಂದವ್ಳೆ!"

ಹೀಗೆ ಒಂದು ಹೆಣ್ಣಿನ ಗುಟ್ಟು ಮೂರು ಹೊಲದ ಜನಕ್ಕೆಲ್ಲ ಏಕಕಾಲಕ್ಕೆ ತಲುಪಿತು. ಪುಟ್ಟಸಿದ್ದಮ್ಮ ರಾಗಿ ಬೀಸುತ್ತಿದ್ದವಳು ಕೈ ನಿಲ್ಲಿಸಿದಳು. ಕಾಲು ಊದುವುದು ಸಹಜ, ಅದು ನೀರು. ಮುಖ ಏಕೆ ಊದಬೇಕು? ಉಪ್ಪು ಜಾಸ್ತಿ ತಿಂದಳೆ? ಹುರುಳಿ ತಿಂದಳೆ? ಕೆರೆಯ ನೀರನ್ನು ಕಾಯಿಸದೆ ಕುಡಿದಳೆ? ತಲೆ ಸುತ್ತುತ್ತದೆಯೋ, ಕಣ್ಣು ಮಂಜಾಗುತ್ತದೆಯೋ, ಅದನ್ನು ಆ ಪುಣ್ಯಾತ್ಮ ಕೂಗಲಿಲ್ಲ. ಪುಟ್ಟಸಿದ್ದಮ್ಮನ ಮೊದಲನೆಯ ಕೂಸು ಪಕ್ಕದಲ್ಲಿ ಒಂದು ಹೆಣ್ಣು ಪಿಳ್ಳೆಯೂ ಇಲ್ಲದೆ ಹೊಲದ ಬದುವಿನ ಮೇಲೆ ಹುಟ್ಟಿ, ಹೊತ್ತು ಏರುವುದರೊಳಗೆ ತಣ್ಣಗಾಗಿತ್ತು. ಅದನ್ನು ಅವಳು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಈಗಲೂ ಆಡಲಿಲ್ಲ. "ನಾನು ಓಯ್ತೀನಿ" ಎಂದಷ್ಟೇ ಅಂದಳು.

"ಎಂಗೆ ಓದೀಯೆ?" ಎಂದ ದಾಸಯ್ಯ. "ಪಿರಿಯಾಪಟ್ಟಣದ ರಸ್ತೇಲಿ ಗಳ ಅಡ್ಡ ಇಕ್ಕವ್ರಂತೆ. ಪ್ಲೇಗು ಬಂದ ಊರೋರು ಕಾಗ್ದ ಇಲ್ದೆ ಆ ಕಡೀಕೆ ಒಂದು ಎಜ್ಜೆ ಇಡಂಗಿಲ್ಲ."

"ಅಂಗಾರೆ ಕಾಗ್ದ ತತ್ತಾ."

"ಯಾವ ಕಾಗ್ದ?"

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳಬಲ್ಲವನು ಸೀಗೆಕೊಪ್ಪಲಿಗೆಲ್ಲ ಒಬ್ಬನೇ ಇದ್ದ. ಪುಟ್ಟಮಲ್ಲಪ್ಪ ಹಿಂದೊಮ್ಮೆ ಸಾಕ್ಷಿ ಹೇಳಲು ಮೈಸೂರಿಗೆ ಹೋಗಿ, ಸಾಕ್ಷಿ ಹೇಳುವ ಅಗತ್ಯ ಬೀಳದೆ, ನಾಲ್ಕು ದಿನ ಕೋರ್ಟಿನ ಜಗುಲಿಯ ಮೇಲೆ ಮಲಗಿ ವಾಪಸು ಬಂದಿದ್ದ. ಅಂದಿನಿಂದ ಸರ್ಕಾರದ ಒಳಹೊರಗೆಲ್ಲ ಅವನಿಗೆ ತಿಳಿದಿದೆಯೆಂದು ಊರು ಒಪ್ಪಿಕೊಂಡಿತ್ತು. ಅವನು ಬಂದು ಗುಡಿಸಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎಲೆಗೆ ಸುಣ್ಣ ಸವರುತ್ತ ಶುರುಮಾಡಿದ.

"ಕಾಗ್ದದಲ್ಲಿ ಮೂರು ಜಾತಿ ಕಣವ್ವ. ಒಂದು ಪಟೇಲರ ಚೀಟಿ. ಅದು ಸುಲಭ. ಇನ್ನೊಂದು ಪ್ಲೇಗು ಪಾಸು. ಅದು ಕಷ್ಟ. ಮೂರನೇದು ಸೂಜಿ ಚೀಟಿ. ಅದು ನೋವು."

"ಯಾವುದು ನಡೀತದೆ?"

"ಮೂರೂ ನಡೀತವೆ. ಗೇಟ್‌ನೋನು ಒಪ್ಪಬೇಕು, ಅಷ್ಟೇಯ."

ಪ್ಲೇಗು ಪಾಸಿನ ವಿಚಾರ ಅವನು ವಿವರಿಸಿದ ಪ್ರಕಾರ, ಅದನ್ನು ಹಿಡಿದುಕೊಂಡು ಹೋದವರು ಹೋದ ಊರಿನಲ್ಲಿ ಹತ್ತು ದಿನ, ದಿನಾ ಬೆಳಗ್ಗೆ, ಚಾವಡಿಗೆ ಹೋಗಿ ತಮ್ಮ ಮೈ ತೋರಿಸಬೇಕು. ತೋರಿಸದಿದ್ದರೆ ಹಿಡಿದು ವಾಪಸು ಅಟ್ಟುತ್ತಾರೆ.

ಪುಟ್ಟಸಿದ್ದಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಅಲ್ಲ ಕಣಪ್ಪ, ನಾನು ಓದ ಮಾರನೇ ದಿನ ಅವಳಿಗೆ ಎರಿಗೆ ಆಯ್ತು ಅನ್ಕೋ. ಪುರುಡಿನ ಮನೇಲಿ ಇರೋಳು ದಿನಾ ಬೆಳಗಾದ್ರೆ ಎದ್ದು ಚಾವಡಿಗೆ ಓಗ್ಲಾ? ಆ ಊರೋರು ನನ್ನ ಚಾವಡಿ ಮೆಟ್ಲು ಅತ್ತುಸ್ತಾರಾ?"

"ಸರ್ಕಾರಕ್ಕೆ ಮೈಲಿಗೆ ಇಲ್ಲ ಕಣವ್ವ."

"ಸರ್ಕಾರಕ್ಕಿಲ್ಲ. ಚಾವಡಿಗೆ ಅದೆ. ಅಸೀ ಬಾಣಂತೀನ ಒಬ್ಬಳನ್ನೇ ಬುಟ್ಟು ಓಗಾದೂ ಒಂದು ಬಾಳಾ?"

ಪುಟ್ಟಮಲ್ಲಪ್ಪ ಎಲೆಯನ್ನು ಬಾಯಿಗೆ ತುರುಕಿಕೊಂಡ. ನಾಲ್ಕು ದಿನದ ಕೋರ್ಟಿನ ಜಗುಲಿ ಇದನ್ನು ಅವನಿಗೆ ಕಲಿಸಿರಲಿಲ್ಲ. ಹಾಗೆ ಪಾಸು ಬಿದ್ದುಹೋಯಿತು.

ಇನ್ನು ಸೂಜಿ. ಹುಣಸೂರಿನ ಕಡೆಯ ರಸ್ತೆಯಲ್ಲಿ ಆಲದ ಮರದ ಕೆಳಗೆ ಸರ್ಕಾರದವರು ಚಪ್ಪರ ಹಾಕಿ ತೋಳಿಗೆ ಪ್ಲೇಗಿನ ಸೂಜಿ ಚುಚ್ಚುತ್ತಿದ್ದರು. ಚುಚ್ಚಿಸಿಕೊಂಡವರಿಗೆ ಚೀಟಿ. ಆ ಚೀಟಿ ಇದ್ದವರನ್ನು ಗೇಟಿನಲ್ಲಿ ತಡೆಯುವುದಿಲ್ಲ, ಚಾವಡಿಗೂ ಕರೆಯುವುದಿಲ್ಲ. ಇಷ್ಟು ಸುಸೂತ್ರವಾದದ್ದರ ಬಗ್ಗೆ ಜನಕ್ಕೆ ಗುಮಾನಿ ಬಾರದಿದ್ದೀತೆ? ಸೂಜಿ ಬಿದ್ದ ಗಂಡಸಿನ ರಟ್ಟೆ ಒಣಗುತ್ತದೆ, ಹೆಂಗಸಿನ ಬಸಿರು ನಿಲ್ಲುವುದಿಲ್ಲ, ಚುಚ್ಚಿದವರ ಹೆಸರನ್ನು ಪಟ್ಟಿ ಮಾಡಿ ಕಡಲಾಚೆ ಕಳಿಸುತ್ತಾರೆ ಎಂದು ಸೂಜಿಯನ್ನು ಕಣ್ಣಿಂದಲೂ ನೋಡದವರು ಕಂಡ ಹಾಗೆ ಹೇಳುತ್ತಿದ್ದರು.

ದಾಸಯ್ಯ ಎಲ್ಲವನ್ನೂ ಕೇಳಿ ಮನೆಯ ಯಜಮಾನನಿಗೆ ತಕ್ಕ ತೀರ್ಮಾನ ಕೊಟ್ಟ. "ಸೂಜಿ ಕೆಟ್ಟದ್ದೇನಲ್ಲ ಬುಡು. ನೀನು ಮೊದ್ಲು ಆಕ್ಸ್ಕೋ ಬೀರಿ ಅವ್ವ. ಒಂದು ತಿಂಗ್ಳು ನೋಡಾನ. ನಿಂಗೇನೂ ಆಗ್ಲಿಲ್ಲ ಅಂದ್ರೆ ಆಮ್ಯಾಕೆ ನಾನೂ ಆಕ್ಸ್ಕತೀನಿ."

"ನಂಗೇನಾದ್ರೂ ಆದ್ರೆ?"

"ಆದ್ರೆ ಯಾಕಮ್ಮಿ ಆಕ್ಸ್ಕಳ್ಳಿ?"

ಇಷ್ಟಾಗಿಯೂ ಮೊದಲು ಸುಲಭದ್ದನ್ನೇ ಪ್ರಯತ್ನಿಸಿ ನೋಡೋಣ ಎಂದಾಯಿತು. ಪಟೇಲರು ತಾವೂ ಹೊಲದ ಗುಡಿಸಲಿನಲ್ಲಿದ್ದರು. ಮೊಹರು ಊರೊಳಗಿನ ಪೆಟ್ಟಿಗೆಯಲ್ಲಿತ್ತು. ಇಲಿಗಳ ನಡುವಿನಿಂದ ಆ ಮೊಹರನ್ನು ತರಿಸಲು ಎರಡು ದಿನ ಹಿಡಿಯಿತು. ಪುಟ್ಟಸಿದ್ದಮ್ಮ ಆ ಎರಡು ದಿನವೂ ಬೆರಳು ಮಡಿಸಿದಳು, ಮಗಳ ತಿಂಗಳನ್ನು ಅಮಾವಾಸ್ಯೆಯಿಂದ ಒಮ್ಮೆ, ಹುಣ್ಣಿಮೆಯಿಂದ ಒಮ್ಮೆ ಎಣಿಸಿದಳು. ಎರಡರಲ್ಲೂ ಹೊತ್ತು ಕಡಿಮೆಯೇ ಉಳಿದಿತ್ತು. ಚೀಟಿ ಕೈಗೆ ಬಂದೊಡನೆ ಆಲದ ಮರದ ಚಪ್ಪರಕ್ಕೆ ಹೋಗಿ, ಇದು ನಡೆಯುತ್ತದೆಯೇ ಎಂದು ಅಲ್ಲಿಯ ಗುಮಾಸ್ತನ ಮುಂದೆ ಹಿಡಿದಳು.

ಗುಮಾಸ್ತ ನೀಲಕಂಠಸ್ವಾಮಿ ಮೂಗಿಗೆ ಕರ್ಪೂರದ ಗಂಟು ಕಟ್ಟಿಕೊಂಡೇ ಮಾತಾಡುತ್ತಿದ್ದ. ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಗಟ್ಟಿಯಾಗಿ ಓದಿದ: "'ನಮ್ಮ ಗ್ರಾಮದ ದಾಸಯ್ಯ ಬಿನ್ ಕರಿಯಯ್ಯ ಎಂಬುವನು ನಡತೆಯಲ್ಲಿ ಒಳ್ಳೆಯವನೂ, ಕಳ್ಳಬಟ್ಟಿ ಜೂಜುಗಳ ಗೊಡವೆ ಇಲ್ಲದವನೂ ಆಗಿದ್ದು, ಇವನ ಹೆಂಡತಿಯು ಸಹ ಸದರಿ ಪ್ರಕಾರ.' ಭೇಷ್! ದಾಸಯ್ಯ ಒಳ್ಳೆಯವನು, ಒಪ್ಪಿದೆ. ಈಗ ಪಿರಿಯಾಪಟ್ಟಣಕ್ಕೆ ಹೊರಟಿರೋದು ಯಾರು?"

"ನಾನು ಸೋಮಿ. ಸದರಿ ಪ್ರಕಾರ."

"ಈ ಚೀಟೀಲಿ ನೀನೇ ಇಲ್ವಲ್ಲಮ್ಮ! ಇದನ್ನ ನಿನ್ನ ಗಂಡನಿಗೆ ಕೊಡು, ಚೌಕಟ್ಟು ಹಾಕಿಸ್ಕೊಳ್ಲಿ. ನೀನು ಹೋಗಬೇಕಾದ್ರೆ ತೋಳು ಕೊಡು."

ಪುಟ್ಟಸಿದ್ದಮ್ಮ ಚಪ್ಪರದೊಳಗೆ ನೋಡಿದಳು. ಕಂಪೌಂಡರು ಸ್ಪಿರಿಟ್ ದೀಪದ ಮೇಲೆ ಸೂಜಿ ಕಾಯಿಸುತ್ತಿದ್ದ. ಗೋಣಿದಬ್ಬಳವಲ್ಲದಿದ್ದರೂ ಅದರ ದಾಯಾದಿಯ ಹಾಗಿತ್ತು. ಅವಳ ಕಾಲು ಹಿಂದಕ್ಕೆ ಹೋಗಬೇಕೆಂದಿತು. 'ಮೊಕಾನೂ ಊದದೆ' ಎಂದು ಗಾಡಿಯವನು ಕೂಗಿದ ದನಿ ಕಿವಿಯಲ್ಲಿತ್ತು. ಬಲ ತೋಳಿನ ಸೆರಗು ಸರಿಸಿದಳು.

"ವಯಸ್ಸೆಷ್ಟು?" ಎಂದ ಗುಮಾಸ್ತ.

"ಧಾತು ಬರದಾಗೆ ನಾನಿನ್ನೂ ನಮ್ಮವ್ವನ ಸೊಂಟದ ಮ್ಯಾಲಿದ್ನಂತೆ."

"ಸೊಂಟದ ಮೇಲಂದ್ರೆ ಒಂದು ವರ್ಷವೋ ನಾಲ್ಕು ವರ್ಷವೋ?"

"ಬರದಲ್ಲಿ ಮಕ್ಕಳು ಎಲ್ಲಿ ಬೆಳೀತವೆ ಸೋಮಿ? ನಾಕಾದ್ರೂ ಒಂದರಂಗೇ ಇರ್ತವೆ."

ಗುಮಾಸ್ತ ಮೂವತ್ತೆಂಟು ಎಂದು ಬರೆದ. ಅವನು ಆ ದಿನ ಬೆಳಗ್ಗೆಯಿಂದ ಎಲ್ಲ ಹೆಂಗಸರಿಗೂ ಮೂವತ್ತೆಂಟು ಎಂದೇ ಬರೆದಿದ್ದ. ಪುಣ್ಯಕ್ಕೆ ಇವಳಿಗೆ ಅದು ಸರಿಹೊಂದಿತು. 'ಪುಟ್ಟಸಿದ್ದಮ್ಮ ಕೋಂ ದಾಸಯ್ಯ' ಎಂದು ಹೆಸರು, ಊರು, ತಾರೀಖು, ನಂಬರು ಎಲ್ಲವನ್ನೂ ತುಂಬಿ, ಕರಿಯ ಮೊಹರು ಒತ್ತಿ ಕೈಗೆ ಕೊಟ್ಟ.

"ಜೋಪಾನ! ಈ ಚೀಟಿ ಹೋದ್ರೆ ನೀನೇ ಹೋದ ಹಾಗೆ."

ಆ ಮಾತನ್ನು ಹೇಳಬಾರದಾಗಿತ್ತು. ಪುಟ್ಟಸಿದ್ದಮ್ಮ ಹೇಳಿದ್ದನ್ನು ನಂಬುವ ಹೆಂಗಸು. ಸೂಜಿ ಬಿದ್ದ ಮೇಲೆ ಎರಡು ದಿನ ಜ್ವರ ಬಂತು, ತೋಳು ಕುಂಬಳಕಾಯಿಯಾಯಿತು, ಕಂಕುಳಲ್ಲಿ ಪ್ಲೇಗಿನದರ ಹಾಗೆಯೇ ಗಂಟು ಕಟ್ಟಿತು. ಗಂಟು ನೋಡಿ ದಾಸಯ್ಯ ತನ್ನ ಚಾಪೆಯನ್ನು ಸದ್ದಿಲ್ಲದೆ ಎಮ್ಮೆಯ ಪಕ್ಕಕ್ಕೆ ಹಾಕಿಕೊಂಡ. ಅವಳು ಮಾತ್ರ ಆ ಎರಡು ದಿನವೂ ಚೀಟಿಯನ್ನು ಹಸುಗೂಸಿನಂತೆ ಮಗ್ಗುಲಲ್ಲೇ ಮಲಗಿಸಿಕೊಂಡಿದ್ದಳು.

ಮೂರನೆಯ ದಿನ ಜ್ವರ ಬಿಟ್ಟಿತು. ಹೊರಡುವ ಗಂಟು ಕಟ್ಟಲು ಕೂತಳು. ಹರಳೆಣ್ಣೆಯ ಕುಡಿಕೆ, ಒಣಶುಂಠಿ, ಮೆಣಸು, ಓಮ, ಬಜೆ, ಬೆಳ್ಳುಳ್ಳಿ, ಮಗುವಿಗೊಂದು ಕುಲಾವಿ, ಕುದಿಸಿ ಬಿಸಿಲಿಗೆ ಒಣಗಿಸಿದ ಹಳೆಯ ಸೀರೆಯ ತುಂಡುಗಳು. ಒಂದು ಸಲ ಕುದಿಸಿದ್ದು ಸಾಲದೆಂದು ಎರಡನೆಯ ಸಲವೂ ಕುದಿಸಿದ್ದಳು. ಎಲ್ಲದರ ಮೇಲೆ ಚೀಟಿಯನ್ನಿಡಲು ಬಿಚ್ಚಿದವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

ಓದು ಬಾರದಿದ್ದರೂ ಅವಳಿಗೆ ಒಂದಕ್ಷರ ಗೊತ್ತಿತ್ತು. ಕಣಜದ ಮೇಲೆ ಬರೆಯುವ ಶ್ರೀ. ಈ ಕಾಗದದ ನೆತ್ತಿಯ ಮೇಲೆ ಅದು ಇರಲಿಲ್ಲ. ನಾಲ್ಕು ಮೂಲೆ ಬೋಳು. ನಡುವೆ ಕರಿಯ ಮೊಹರು. ಮದುವೆಗಾಗಲಿ ತೊಟ್ಟಿಲಿಗಾಗಲಿ ಬರುವ ಕಾಗದಕ್ಕೆ ಮೂಲೆ ಮೂಲೆಗೂ ಅರಿಶಿನ ತಾಗಿರುತ್ತದೆ. ಬೋಳು ಮೂಲೆಯ ಕಾಗದ ಬರುವುದು ಒಂದೇ ಒಂದು ಸುದ್ದಿಗೆ. ಅದನ್ನು ಹೊಸಿಲಾಚೆ ನಿಂತು ಕೇಳಿ, ಅಲ್ಲೇ ಹರಿದು, ತಲೆಗೆ ನೀರು ಹುಯ್ದುಕೊಂಡು ಒಳಗೆ ಬರುತ್ತಾರೆ. ಅಂಥದ್ದನ್ನು ಕೂಸಿನ ಕುಲಾವಿಯ ಮೇಲಿಟ್ಟು, ಬಸುರಿಯ ಮನೆಯೊಳಕ್ಕೆ ಒಯ್ಯುವುದೆ?

"ಇಕಾ, ನೋಡಿಲ್ಲಿ" ಎಂದು ಗಂಡನಿಗೆ ತೋರಿಸಿದಳು.

ದಾಸಯ್ಯ ದೂರದಿಂದಲೇ ನೋಡಿ, "ಥೂ, ಸಾವಿನ ಕಾಗ್ದ ಇದ್ದಂಗದೆ!" ಎಂದ.

ಸೀಗೆಕೊಪ್ಪಲಿನ ಪರಿಣತರ ಅಭಿಪ್ರಾಯವನ್ನೂ ಕೇಳಲಾಯಿತು. ಪುಟ್ಟಮಲ್ಲಪ್ಪ ಕಾಗದವನ್ನು ಮೇಲೆ ಕೆಳಗೆ ಮಾಡಿ ನೋಡಿ, "ಸರ್ಕಾರದೋರಿಗೆ ಇದೆಲ್ಲ ತಿಳೀತದಾ? ಮನೆಯೋರು ನಾವೇ ಸರಿ ಮಾಡ್ಕಬೇಕು" ಎಂದು ಅಪ್ಪಣೆ ಕೊಟ್ಟ.

ಸರಿ, ಪುಟ್ಟಸಿದ್ದಮ್ಮ ಅರಿಶಿನವನ್ನು ಧಾರಾಳವಾಗಿ ಕದಡಿಕೊಂಡು ನಾಲ್ಕು ಮೂಲೆಗೂ ಹಚ್ಚಿದಳು. ಶ್ರೀಕಾರವಿಲ್ಲದ ನೆತ್ತಿಗೆ ಕುಂಕುಮದ ಬೊಟ್ಟಿಟ್ಟಳು. ಹಾದಿಯಲ್ಲಿ ಏನೂ ಆಗದಿರಲೆಂದು ಮೂರು ಸಲ ನೀರು ನಿವಾಳಿಸಿ ಚಿಮುಕಿಸಿದಳು. ಹಸಿಯಿರುವಾಗಲೇ ನಾಲ್ಕು ಮಡಿಕೆ ಮಡಿಸಿ ಗಂಟಿನೊಳಗಿಟ್ಟಳು.

ಗುಮಾಸ್ತನ ಪೆನ್ಸಿಲಿನ ಗುಣ ಅವರಿಗೇನು ಗೊತ್ತು? ಬರೆಯುವಾಗ ಅದು ಬೂದು. ನೀರು ಸೋಕಿದರೆ ನೇರಳೆ. ಬರೆದದ್ದನ್ನು ಯಾರೂ ಅಳಿಸಿ ತಿದ್ದಬಾರದೆಂದು ಸರ್ಕಾರ ಯೋಚಿಸಿ ಕೊಟ್ಟಿದ್ದ ಪೆನ್ಸಿಲದು. ಇಲ್ಲಿ ಯಾರೂ ಅಳಿಸಲಿಲ್ಲ, ತಿದ್ದಲಿಲ್ಲ. ಪೂಜೆ ಮಾಡಿದರು, ಅಷ್ಟೇ. ಮಡಿಕೆಯಾಗುವ ಮುಂಚೆ ಅಲ್ಲಲ್ಲಿ ನೇರಳೆ ಹೂವಿನ ಹಾಗೆ ಅರಳಿದ್ದನ್ನು ದಾಸಯ್ಯ ಕಂಡಿದ್ದ. "ಈಗ ಕಳೆ ಬಂತು ಕಣಮ್ಮಿ" ಎಂದು ಮೆಚ್ಚಿಕೊಂಡಿದ್ದ.

ಪಿರಿಯಾಪಟ್ಟಣದ ದಾರಿಯಲ್ಲಿ ಪುಟ್ಟಮಲ್ಲಪ್ಪ ಗಂಟು ಹೊತ್ತುಕೊಂಡು ಜೊತೆಗೆ ಬಂದ. ದಾರಿಯುದ್ದಕ್ಕೂ, ಗೇಟಿನವರ ಹತ್ತಿರ ಹೇಗೆ ಮಾತಾಡಬೇಕು, ಯಾವಾಗ ತಲೆ ತಗ್ಗಿಸಬೇಕು, ಯಾವಾಗ ಎತ್ತಬೇಕು ಎಂದು ಪಾಠ ಹೇಳಿದ. ಹಳ್ಳದ ಮಗ್ಗುಲಲ್ಲಿ ರಸ್ತೆಗೆ ಅಡ್ಡಲಾಗಿ ಕಟ್ಟಿದ್ದ ಬಿದಿರಿನ ಗಳ ಕಂಡದ್ದೇ ತಡ, ಗಂಟನ್ನು ಅವಳ ತಲೆಗೇರಿಸಿ, "ನಾನು ಇಲ್ಲೇ ನಿಲ್ತೀನಿ ಕಣವ್ವ" ಎಂದ.

"ಯಾಕಪ್ಪ, ನೀನೇ ಮಾತಾಡು ಬಾ."

"ನನ್ ತಾವ ಯಾವ ಕಾಗ್ದಾನೂ ಇಲ್ವಲ್ಲ" ಎಂದು ಕಾಗದಗಳ ಪರಿಣತ ಹುಣಸೇಮರದ ಹಿಂದಕ್ಕೆ ಸರಿದ.

ಗೇಟಿನ ಜಮಾದಾರ ಗೋವಿಂದಯ್ಯ ಕಾಕಿ ಪಟ್ಟಿಯ ಮೇಲೆ ಹಿತ್ತಾಳೆ ಬಿಲ್ಲೆ ಹಾಕಿಕೊಂಡು ಮೇಜಿನ ಹಿಂದೆ ಕೂತಿದ್ದ. ಪಕ್ಕದ ಚಪ್ಪರದಲ್ಲಿ ಸೂಜಿಯವನೊಬ್ಬನು ತೂಕಡಿಸುತ್ತಿದ್ದ. ಪುಟ್ಟಸಿದ್ದಮ್ಮ ಚೀಟಿಯನ್ನು ಎರಡು ಕೈಯಲ್ಲಿ, ತಾಂಬೂಲ ಕೊಡುವ ಹಾಗೆ ಕೊಟ್ಟಳು. ಅಂಟಿಕೊಂಡಿದ್ದ ಮಡಿಕೆಗಳನ್ನು ಗೋವಿಂದಯ್ಯ ಒಂದೊಂದಾಗಿ ಬಿಡಿಸಿದ. ಒಳಗೆ ಹಳದಿಯಿತ್ತು, ಕೆಂಪಿತ್ತು, ನೇರಳೆಯಂತೂ ಯಥೇಚ್ಛವಾಗಿತ್ತು. ಹೆಸರೊಂದಿರಲಿಲ್ಲ.

"ಇದೇನಮ್ಮ, ರಂಗೋಲಿನಾ?"

"ಸೂಜಿ ಚೀಟಿ ಬುದ್ದಿ."

"ಯಾರದ್ದು?"

"ನಂದೇಯ."

"ನಿನ್ನ ಹೆಸರು ಎಲ್ಲಿದೆ?"

ಪುಟ್ಟಸಿದ್ದಮ್ಮ ನೇರಳೆಯ ಕೆರೆಯ ಮೇಲೆ ಬೆರಳಿಟ್ಟು, ಇಲ್ಲೇ ಎಲ್ಲೋ ಇರಬೇಕು ಎಂಬಂತೆ ಅತ್ತಿತ್ತ ಆಡಿಸಿದಳು. ಆಮೇಲೆ ತೋಳಿನ ಸೆರಗನ್ನು ಸರಿಸಿ, ಇನ್ನೂ ಇಳಿಯದ ಬಾವನ್ನು ಅವನ ಮುಂದೆ ಚಾಚಿದಳು. "ನೋಡಿ ಬುದ್ದಿ. ಸೂಜಿ ಚುಚ್ಚಿದ್ದು ನನ್ನ ತೋಳಿಗಾ, ಕಾಗ್ದಕ್ಕಾ?"

ಗೋವಿಂದಯ್ಯ ತೋಳನ್ನು ನೋಡಿದ. ನಿಜವಾಗಿ ನೋಡಿದ. ಕೆಟ್ಟ ಮನುಷ್ಯನಲ್ಲ ಅವನು; ಬಿಲ್ಲೆ ಹಾಕಿಕೊಂಡಿದ್ದ ಅಷ್ಟೇ. "ತೋಳು ಸರಿಯಾಗಿದೆಯಮ್ಮ. ಆದ್ರೆ ತೋಳಿಗೆ ನಂಬರಿಲ್ಲ. ತಾರೀಖಿಲ್ಲ. ನಾಳೆ ಮೇಲಿನವರು ಬಂದು ಕೇಳಿದ್ರೆ ನಿನ್ನ ತೋಳನ್ನ ಫೈಲಿಗೆ ಹೊಲಿಯೋಕಾಗುತ್ತಾ?"

"ಅಂಗಾರೆ ನಾನೇನು ಮಾಡ್ಲಿ?"

"ವಾಪಸ್ ಹೋಗು. ಕೊಟ್ಟವರ ಹತ್ತಿರ ನಕಲು ಬರೆಸ್ಕೊಂಡು ಬಾ. ಇಲ್ಲಾಂದ್ರೆ ಈ ಕ್ಯಾಂಪಿನಲ್ಲಿ ಹತ್ತು ದಿನ ಇರು. ಕಾಯಿಲೆ ಬರಲಿಲ್ಲ ಅಂದ್ರೆ ಬಿಡ್ತೀವಿ."

"ಬುದ್ದಿ, ನನ್ನ ಮಗಳಿಗೆ ದಿನ ತುಂಬವೆ. ಮೊಕ ಊದದೆ. ಮನೇಲಿ ಒಂದು ಎಣ್ಣು ದಿಕ್ಕಿಲ್ಲ."

"ಎಲ್ಲಾರೂ ಹಂಗೇ ಹೇಳ್ತಾರಮ್ಮ. ಬೆಳಗ್ಗೆಯಿಂದ ಏಳು ಜನಕ್ಕೆ ಮಗಳು ಹೆರ್ತಾ ಇದ್ದಾಳೆ. ಅದರಲ್ಲಿ ಇಬ್ಬರು ಬ್ರಹ್ಮಚಾರಿಗಳು."

ಪುಟ್ಟಸಿದ್ದಮ್ಮ ನಗಲಿಲ್ಲ. ಅವಳು ತೂಕಡಿಸುತ್ತಿದ್ದ ಸೂಜಿಯವನನ್ನೇ ನೋಡುತ್ತಿದ್ದಳು. "ಆ ಸೂಜಿ ಆಕಿದ್ರೆ ಇಲ್ಲೂ ಚೀಟಿ ಕೊಡ್ತಾರಾ?"

"ಕೊಡ್ತಾರೆ. ಆದ್ರೆ ನೀನು ಆಗಲೇ ಹಾಕಿಸ್ಕೊಂಡಿದ್ದೀಯಲ್ಲ. ಒಂದು ಸಲ ಹಾಕಿದೋರಿಗೆ ಇಷ್ಟು ಬೇಗ ಮತ್ತೆ ಹಾಕಕ್ಕೆ ರೂಲಿಲ್ಲ."

"ನಾನು ಆಕ್ಸ್ಕಂಡಿದ್ದೀನಿ ಅಂತ ನೀವು ಒಪ್ತೀರಾ?"

"ಕಾಗದ ಇಲ್ದೆ ಹೆಂಗೆ ಒಪ್ಪಲಿ?"

"ಅಂಗಾರೆ ನಾನು ಆಕ್ಸ್ಕಂಡಿಲ್ಲ."

ಗೋವಿಂದಯ್ಯ ಅವಳ ತೋಳಿನ ಕಡೆ ಬೊಟ್ಟು ಮಾಡಿದ. "ಈಗತಾನೆ ತೋಳು ತೋರಿಸ್ದೆ?"

"ಅದು ಜೇನು ಕಚ್ಚಿದ್ದು ಬುದ್ದಿ."

ಸರ್ಕಾರದ ರೂಲುಗಳನ್ನು ಬರೆದವರು ಎಷ್ಟೇ ಬುದ್ಧಿವಂತರಿರಲಿ, ಜೇನುಹುಳದ ವಿಚಾರ ಬರೆದಿರಲಿಲ್ಲ. ಗೋವಿಂದಯ್ಯ ಮೇಜಿನ ಮೇಲಿದ್ದ ನೇರಳೆ ಕಾಗದವನ್ನು ನೋಡಿದ, ತೋಳನ್ನು ನೋಡಿದ, ಹಳ್ಳದ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, "ನೋಡಮ್ಮ, ಒಂದು ಸೂಜಿಗೇ ಜನ ಎರಡು ದಿನ ಏಳಲ್ಲ" ಎಂದ.

ಅದು ಅವಳಿಗೆ ತಿಳಿಯದ್ದೇನಲ್ಲ. ಭಯವಿದ್ದದ್ದು ಬೇರೆ. ಸತ್ತರೆ? ಸಾಯದಿದ್ದರೂ ಜ್ವರದ ಮೈ ಹೊತ್ತು ಹಸಿ ಬಾಣಂತಿಯ ಹತ್ತಿರ ಹೋದರೆ ಕೂಸಿಗೆ ತಗುಲಿದರೆ? ಹೋಗದಿದ್ದರೆ? ಮೂರನೆಯದಕ್ಕೆ ಮಾತ್ರ ಅವಳಿಗೆ ಉತ್ತರ ಗೊತ್ತಿತ್ತು. ಹೊಲದ ಬದುವಿನ ಮೇಲೆ ಕಲಿತಿದ್ದಳು.

"ಎರಡು ಬಿದ್ರೆ ಸಾಯ್ತಾರಾ ಬುದ್ದಿ?"

ಗೋವಿಂದಯ್ಯ ರೂಲಿನ ಪುಸ್ತಕವನ್ನು ನಿಜವಾಗಿಯೂ ಮಗುಚಿ ನೋಡಿದ. "ಅದನ್ನ ಬರೆದಿಲ್ಲ."

"ಬರ್ದಿಲ್ಲ ಅಂದ್ರೆ ಸಾಯಾಕೂ ಅಪ್ಪಣೆ ಇಲ್ಲ ಅಂತ ತಾನೆ?" ಎಂದು ಪುಟ್ಟಸಿದ್ದಮ್ಮ ಎಡ ತೋಳಿನ ಸೆರಗು ಸರಿಸಿ ಚಪ್ಪರಕ್ಕೆ ನಡೆದಳು.

ಹೀಗೆ, ನಿಜವಾದ ಸೂಜಿಗೆ ಇಲ್ಲದ ಬೆಲೆ ಸುಳ್ಳು ಜೇನಿಗೆ ಬಂದು, ಅವಳು ಎರಡನೆಯ ಸಲ ಮೊದಲನೆಯ ಸಲದವಳಾದಳು. ಹೊಸ ಚೀಟಿಯನ್ನು ಗೋವಿಂದಯ್ಯನೇ ಬರೆದು, ಮಡಿಸಿ, ಒಂದು ಒಣ ಮುತ್ತುಗದ ಎಲೆಯೊಳಗಿಟ್ಟು ಕೊಟ್ಟ. "ಇದಕ್ಕೆ ಅಭಿಷೇಕ ಮಾಡಬೇಡ ತಾಯಿ" ಎಂದು ಕೈ ಮುಗಿದ. ಗಳ ಮೇಲೆದ್ದಿತು. ಹುಣಸೇಮರದ ಹಿಂದಿನಿಂದ ಪುಟ್ಟಮಲ್ಲಪ್ಪ, "ನಾನು ಯೋಳಿದ್ದಂಗೇ ಮಾತಾಡಿದೆ ತಾನೆ?" ಎಂದು ಕೂಗಿದ. ಆ ಸಂಜೆ ಸೀಗೆಕೊಪ್ಪಲಿನಲ್ಲಿ, ಅವಳನ್ನು ಗೇಟು ದಾಟಿಸಿದವನು ತಾನೇ ಎಂದು ಅವನು ಹೇಳಿಕೊಂಡದ್ದನ್ನು ಯಾರೂ ಅಲ್ಲಗಳೆಯಲಿಲ್ಲ.

ಪಿರಿಯಾಪಟ್ಟಣದ ಛತ್ರ ಸೇರುವಷ್ಟರಲ್ಲಿ ಹಲ್ಲು ಕಟಕಟಿಸತೊಡಗಿತ್ತು. ಬೆಳಗಾಗುತ್ತಲೇ ಎದ್ದು ನಡೆದಳು. ಬಲ ತೋಳಿನ ಬಾವು ಇಳಿಯುವ ಮುಂಚೆ ಎಡದ್ದು ಏರಿತ್ತು. ಗಂಟು ತಲೆಯ ಮೇಲಿದ್ದರೂ ಹಿಡಿಯಲು ಕೈ ಮೇಲೇಳಲಿಲ್ಲ. ಕುತ್ತಿಗೆಯಲ್ಲೇ ತೂಗಿಸಿಕೊಂಡು, ಮೈಲಿಗೊಂದು ಮರದ ಕೆಳಗೆ ಕೂತು, ಎದ್ದು, ಮತ್ತೆ ನಡೆದು, ಹೊತ್ತು ನೆತ್ತಿಗೆ ಬರುವ ವೇಳೆಗೆ ಮರಳುಕಟ್ಟೆ ಮುಟ್ಟಿದಳು. ಚೀಟಿಯನ್ನು ಆಮೇಲೆ ಯಾರೂ ಕೇಳಲಿಲ್ಲ. ಎಲೆಯೊಳಗೆ ಅದು ಸುಖವಾಗಿತ್ತು.

ಅಳಿಯನ ಮನೆಯ ಬಾಗಿಲಲ್ಲಿ ಪಕ್ಕದ ಮನೆಯ ಕೆಂಪಾಜಮ್ಮ ಕೈ ಹಿಸುಕಿಕೊಂಡು ನಿಂತಿದ್ದಳು. ಇನ್ನೂ ಹೆರದ ಹುಡುಗಿ, ಚಿಕ್ಕಬೀರಮ್ಮನಿಗಿಂತ ಒಂದು ವರ್ಷ ದೊಡ್ಡವಳಿರಬಹುದು. "ಬೆಳಗ್ಗೆಯಿಂದ ನೋವು ಕಣತ್ತೆ, ನಂಗೇನೂ ಗೊತ್ತಾಗ್ತಿಲ್ಲ" ಎಂದು ಅಳು ಶುರುಮಾಡಿದಳು.

"ಅಳಾಕೆ ಒಳಗೊಬ್ಬಳು ಅವಳೆ. ನೀನು ನೀರು ಕಾಯ್ಸು."

ಚಾಪೆಯ ಮೇಲಿದ್ದ ಮಗಳು ಊದಿದ ಮುಖವೆತ್ತಿ, "ಅವ್ವಾ, ಬಂದ್ಯಾ" ಎಂದಳು. ಪುಟ್ಟಸಿದ್ದಮ್ಮ ಅವಳ ತಲೆ ಸವರಲು ಹೋದಳು. ಕೈ ಸೊಂಟದಿಂದ ಮೇಲಕ್ಕೆ ಬರಲಿಲ್ಲ. ಇಪ್ಪತ್ತು ವರ್ಷ ಊರ ಹೆಂಗಸರ ಹೆರಿಗೆಗೆ ಒದಗಿದ್ದ ಕೈಗಳು ಸ್ವಂತ ಮಗಳ ಹೆರಿಗೆಯ ದಿನ ಎರಡು ಕೊರಡಿನಂತೆ ತೂಗುತ್ತಿದ್ದವು. ಮಗಳ ತಲೆಯ ಹತ್ತಿರ ಕೂತು, ತನ್ನ ಕೆನ್ನೆಯನ್ನು ಅವಳ ಹಣೆಗೊತ್ತಿದಳು. ಜ್ವರ ಯಾರದ್ದು, ಬೆವರು ಯಾರದ್ದು ತಿಳಿಯಲಿಲ್ಲ.

ಉಳಿದದ್ದು ಬಾಯಿ. ಅದರಿಂದಲೇ ಹೆರಿಗೆ ಮಾಡಿಸಿದಳು. "ಕೆಂಪಾಜಿ, ಕೈ ತೊಳ್ಕೋ. ಇನ್ನೊಂದು ಕಿತ ತೊಳ್ಕೋ. ಎಣ್ಣೆ ಅಚ್ಕೋ. ಎದರಬ್ಯಾಡ ಕಣವ್ವ, ಅದು ತಲೆ, ಗುಮ್ಮ ಅಲ್ಲ. ಎಳೀಬ್ಯಾಡ! ಬರಾದು ಅದ್ಕೆ ಗೊತ್ತು. ಬೀರಿ, ಈಗ ಮುಕ್ಕು, ಈಗ!" ಬೈದಳು, ಮುದ್ದು ಮಾಡಿದಳು, ಮಧ್ಯೆ ಎರಡು ಸಲ ಜ್ವರದಲ್ಲಿ ಗೋವಿಂದಯ್ಯನನ್ನೂ ಬೈದಳು. ಹೊತ್ತಿಳಿಯುವ ಮುಂಚೆ ಕೂಸು ಕೆಂಪಾಜಮ್ಮನ ಅಂಗೈಗೆ ಜಾರಿತು. ನೀಲಿಯಾಗಿತ್ತು. ಸದ್ದಿಲ್ಲ.

"ಬಾಯೊಳಗೆ ಬೆರಳಾಡ್ಸು! ಬೆನ್ನು ಉಜ್ಜು, ಇನ್ನೂ ಜೋರಾಗಿ. ಅಂಗಾಲಿಗೆ ಹೊಡಿಯೇ ಮುಂಡೇದೇ, ಒಡೆದೋಗಲ್ಲ ಅದು!"

ಕೆಂಪಾಜಮ್ಮ ಕಣ್ಣು ಮುಚ್ಚಿಕೊಂಡು ಹೊಡೆದಳು. ಇನ್ನೊಮ್ಮೆ ಹೊಡೆದಳು. ಕೂಸು ಕೆಮ್ಮಿತು, ಆಮೇಲೆ ಇಡೀ ಊರಿಗೆ ಕೇಳುವ ಹಾಗೆ ಕಿರುಚಿತು. ಪುಟ್ಟಸಿದ್ದಮ್ಮ ಗೋಡೆಗೊರಗಿ ಕಾಲು ಚಾಚಿದಳು. ಎತ್ತಿಕೊಳ್ಳಲಾಗದ್ದರಿಂದ ಮಗುವನ್ನು ಅವಳ ಕಾಲಿನ ಮೇಲೆ ಮಲಗಿಸಿದರು.

ಮಾರನೆಯ ದಿನ ಬೆಳಗ್ಗೆ ಮರಳುಕಟ್ಟೆಯ ತೋಟಿ ಬಂದು ಹೊಸಿಲಾಚೆ ಕೋಲು ಕುಟ್ಟಿದ. ಹೊರಗಿನಿಂದ ಬಂದವರನ್ನು ಪಟ್ಟಿ ಮಾಡಿಸಬೇಕೆಂದು ಪಟೇಲರ ಹುಕುಮಾಗಿತ್ತು.

"ಈ ಮನೇಲಿ ಮೊನ್ನೆ ಇಬ್ಬರಿದ್ರು. ಈಗೆಷ್ಟು ಜನ?"

"ನಾಕು" ಎಂದಳು ಪುಟ್ಟಸಿದ್ದಮ್ಮ ಒಳಗಿನಿಂದ.

"ಅಂದ್ರೆ ಇಬ್ಬರು ಎಚ್ಚಾಯ್ತು. ಕಾಗ್ದ ಅದಾ?"

"ನಂದು ಅದೆ. ಗಂಟಿನೊಳಗೆ ಎಲೇಲಿ ಸುತ್ತಿದೆ. ನೋಡ್ಕೋ, ಮುಟ್ಟಬ್ಯಾಡ."

"ಇನ್ನೊಬ್ಬರದ್ದು?"

"ಅದು ಗೇಟ್‌ನಾಗೆ ಬರ್ಲಿಲ್ಲ ಕಣಪ್ಪ."

ತೋಟಿ ಕೋಲಿನ ಮೇಲೆ ಭಾರ ಬಿಟ್ಟು ಯೋಚಿಸಿದ. ಕಾಗದವಿಲ್ಲದೆ ಬಂದವರು ಯಾರು, ಎಲ್ಲಿಂದ ಎಂದು ಪಟೇಲರು ಕೇಳದೆ ಬಿಡುವವರಲ್ಲ. "ಎಸ್ರಾದ್ರೂ ಯೋಳವ್ವ, ಬರೆಸ್ತೀನಿ."

"ಇನ್ನೂ ಇಕ್ಕಿಲ್ಲ."

"ಗುರುತೇನು ಅಂತ ಕೇಳಿದ್ರೆ?"

ಪುಟ್ಟಸಿದ್ದಮ್ಮ ಕಾಲಿನ ಮೇಲೆ ಮುಷ್ಟಿ ಬಿಗಿದು ಕೆಂಪಾಗುತ್ತಿದ್ದ ಕೂಸನ್ನು ನೋಡಿದಳು.

"ಅಳ್ತದೆ ಅನ್ನು" ಎಂದಳು. "ಚೆಂದಾಗಿ ಅಳ್ತದೆ."